ಚಿಲಕವಿಲ್ಲದ ಮನೆ

ಗಡಿಯಾಚೆಯ ಲಾತೂರು ಸೀಮೆಯಲ್ಲಿ ಭೂಕಂಪವಾಗಿ ಹತ್ತನೆಯ ವರ್ಷ ನಡೆಯುತ್ತಿತ್ತು. ಆಗ ನಾನು ನಿಲಂಗಾದ ಒಂದು ಕುಟುಂಬ ಸಲಹಾ ಕೇಂದ್ರದಲ್ಲಿ ಸಮಾಲೋಚಕಿಯಾಗಿದ್ದೆ. ಗಂಡ-ಹೆಂಡತಿಯ ಜಗಳವೋ ಅತ್ತೆ-ಸೊಸೆಯ ಜಗಳವೋ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿಸುವುದು ನನ್ನ ಕೆಲಸ. ತೀರ್ಪು ಕೊಡುವ ಅಧಿಕಾರ ನನಗಿರಲಿಲ್ಲ. ಕೇಳಿಕೊಳ್ಳಬೇಕು, ಬೇಕೆನಿಸಿದರೆ ಮನೆಗೆ ಹೋಗಿ ನೋಡಿ ಬರಬೇಕು, ಕೊನೆಗೆ ವರದಿ ಬರೆಯಬೇಕು. ಮನೆಗೆ ಹೋಗಿ ನೋಡುವುದಕ್ಕೆ ನಾವು ಹೋಮ್ ವಿಸಿಟ್ ಎನ್ನುತ್ತಿದ್ದೆವು.

ನನ್ನ ತವರು ಭಾಲ್ಕಿ, ಗಂಡನ ಮನೆ ಉದಗೀರ. ಉದಗೀರದಿಂದ ನಿಲಂಗಾಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬಸ್ಸಿನಲ್ಲಿ ಪಕ್ಕದವರು ಯಾವುದರಲ್ಲಿ ಶುರು ಮಾಡುತ್ತಾರೋ ಅದು. ಈ ಸೀಮೆಯಲ್ಲಿ ಇದು ಯಾರಿಗೂ ವಿಶೇಷ ಎನಿಸುವುದಿಲ್ಲ. ಸಂತೆಯಲ್ಲಿ, ಹೊಲದಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಭಾಷೆಯವರೂ ಒಂದಾಗಿ ಬದುಕುತ್ತಾರೆ. ಮನೆಗೆ ಹೆಣ್ಣು ತರುವ ಮಾತು ಬಂದಾಗ ಮಾತ್ರ ನಾವು-ನೀವು ಎಂಬುದು ಎದ್ದು ಕೂರುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ನನ್ನ ಸೇವೆಯಲ್ಲಿ ಎಷ್ಟೋ ಪ್ರಕರಣ ಮರೆತಿವೆ. ಇದು ಮರೆತಿಲ್ಲ.

ಒಂದು ದಿನ ಬೆಳಿಗ್ಗೆ ನಾನು ಕಚೇರಿಗೆ ಬರುವಷ್ಟರಲ್ಲಿ ಉದಗೀರದ ಬಟ್ಟೆ ವ್ಯಾಪಾರಿ ಶಿವಲಿಂಗಪ್ಪ ಬಂದು ಕೂತಿದ್ದರು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ. ಅವರ ಅಂಗಡಿಯಲ್ಲಿ ನಾವೂ ಸೀರೆ ಕೊಂಡವರೇ. ಅವರಿಗೆ ಒಬ್ಬಳೇ ಮಗಳು, ಮಹಾದೇವಿ. ಕಾಲೇಜಿನಲ್ಲಿ ಜೊತೆಗೆ ಓದಿದ ಸಂಜಯ ಎಂಬ ಮರಾಠಾ ಹುಡುಗನನ್ನು ಮೆಚ್ಚಿ, ಎರಡು ವರ್ಷ ಹಠ ಹಿಡಿದು, ತಂದೆಯನ್ನು ಒಪ್ಪಿಸಿಯೇ ಮದುವೆಯಾಗಿದ್ದಳು. ಸಂಜಯ ಶಿರೂರ ಅನಂತಪಾಳದ ಒಂದು ಶಾಲೆಯಲ್ಲಿ ಮಾಸ್ತರ. ಮನೆ ನಿಲಂಗಾ ತಾಲೂಕಿನ ಒಂದು ಹಳ್ಳಿ. ಹಳೆಯ ಊರು ಭೂಕಂಪದಲ್ಲಿ ನೆಲಸಮವಾದ ಮೇಲೆ ಬೇರೆ ಜಾಗದಲ್ಲಿ ಸಾಲು ಮನೆ ಕಟ್ಟಿಸಿಕೊಟ್ಟು ನೆಲೆಗೊಳಿಸಿದ ಊರದು.

ಶಿವಲಿಂಗಪ್ಪ ಬಾಗಿಲು ಮುಂದೆ ಮಾಡಿ ಬಂದು ಮೆಲ್ಲನೆ ಹೇಳಿದರು.

"ನಮ್ಮ ಹುಡುಗಿ ಅಲ್ಲಿ ಸೆರಿಯಾಗ ಸಿಕ್ಕಾಳ್ರೀ ಅಕ್ಕಾರ. ಆ ಮನ್ಯಾಗ ಒಂದ್ ಬಾಗಲಕ್ಕೂ ಚಿಲಕಿಲ್ಲ. ಮಲಗೂ ಖೋಲಿಗಿಲ್ಲ, ಬಚ್ಚಲಕ್ಕಿಲ್ಲ. ಇದ್ದವ್ನೆಲ್ಲ ಆ ಮುದುಕಿ ಕಿತ್ತಿಸ್ಯಾಳ. ಯಾವಾಗ ಬೇಕಾದರ ಬಾಗಲಾ ದೂಡಿ ಒಳಗ ಬರ್ತಾಳ. ರಾತ್ರಿ ಸುದ್ದಾ. ಮರ್ಯಾದಿ ಇಲ್ಲದ ಮಂದಿ. ನಾ ಮೊದಲೇ ಅಂದಿದ್ದೆ, ಈ ಜನ ನಮಗ ಒಗ್ಗೂದಿಲ್ಲ ಅಂತ."

"ಮಗಳು ಏನಂತಾಳ?" ಎಂದೆ.

"ಆಕಿ ಬಾಯಿ ಕಟ್ಟಿಹಾಕ್ಯಾರ್ರೀ. ಹೆಸರು ಸುದ್ದಾ ತೆಗೆದಾರ. ಮಹಾದೇವಿನ್ನ ಮಾಧವಿ ಮಾಡ್ಯಾರ."

ಮದುವೆಯಾದ ಮೇಲೆ ಸೊಸೆಗೆ ಹೊಸ ಹೆಸರಿಡುವುದು ಆ ಮನೆಯ ಪದ್ಧತಿ. ಶಿವಲಿಂಗಪ್ಪನವರಿಗೆ ಅದು ಮಗಳನ್ನು ಅಳಿಸಿ ಹಾಕಿದಂತೆ ಕಂಡಿತ್ತು. ಪೊಲೀಸ್ ದೂರು ಕೊಡಲು ವಕೀಲರು ತಯಾರಿದ್ದಾರೆ, ನಮ್ಮ ಕೇಂದ್ರದ ವರದಿಯೊಂದು ಜೊತೆಗಿದ್ದರೆ ಕೇಸು ಗಟ್ಟಿಯಾಗುತ್ತದೆ ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು.

"ನೀವು ನಮ್ಮವರು ಇದ್ದೀರಿ. ನಿಮಗ ಹೆಚ್ಚು ಹೇಳೂದು ಬ್ಯಾಡ."

ಆ ಕುರ್ಚಿಯಲ್ಲಿ ಕೂತವಳಿಗೆ ಇದಕ್ಕಿಂತ ಭಾರವಾದ ಮಾತಿಲ್ಲ. ಅವರ ಪರವಾಗಿ ವರದಿ ಬರೆದರೆ ನಿಲಂಗಾದಲ್ಲಿ ನನ್ನ ಮೇಲಿನ ನಂಬಿಕೆ ಹೋಗುತ್ತದೆ. ಬರೆಯದಿದ್ದರೆ ಉದಗೀರದಲ್ಲಿ ನಾನು ಮನೆಯ ಹೊಸ್ತಿಲು ದಾಟಿದಾಗೆಲ್ಲ ಅದರ ಲೆಕ್ಕ ಕೇಳುತ್ತಾರೆ.

ಮುಂದಿನ ವಾರ ಸಂಜಯ ತಾಯಿಯನ್ನು ಕರೆದುಕೊಂಡು ಬಂದ. ಹುಡುಗ ಬಿಗಿಯಾಗಿದ್ದ. ಕೂರುವ ಮೊದಲೇ ಮರಾಠಿಯಲ್ಲಿ, ಈ ಪ್ರಕರಣವನ್ನು ಬೇರೆ ಯಾರಾದರೂ ನೋಡಲು ಸಾಧ್ಯವೇ ಎಂದು ಕೇಳಿದ. ಏಕೆ ಎಂದೆ. "ನೀವು ಕಾನಡಿ" ಎಂದ. ಮರಾಠಿಯವರು ನಮ್ಮನ್ನು ಕರೆಯುವ ಹೆಸರು ಅದು. ನಮ್ಮ ಕೇಂದ್ರದಲ್ಲಿ ಇರುವ ಸಮಾಲೋಚಕಿ ನಾನೊಬ್ಬಳೇ ಎಂದು ತಿಳಿಸಿದೆ. ಅವನು ನಿಟ್ಟುಸಿರು ಬಿಟ್ಟು ಕೂತ.

ಅವನ ದೂರು ಬೇರೆಯೇ ಇತ್ತು. ಹೆಂಡತಿ ಖೋಲಿಗೆ ಹೋದ ಕೂಡಲೇ ಬಾಗಿಲಿಗೆ ಟ್ರಂಕು ಅಡ್ಡ ಇಡುತ್ತಾಳೆ. ಅವ್ವ ಹೆಸರು ಹಿಡಿದು ಕರೆದರೆ ಓ ಎನ್ನುವುದಿಲ್ಲ. ತವರಿನಿಂದ ಯಾರಾದರೂ ಬಂದರೆ ತಾಯಿಯ ಎದುರಿಗೇ ಕನ್ನಡದಲ್ಲಿ ಪಿಸುಗುಟ್ಟುತ್ತಾಳೆ. ಮಡಿ-ಮೈಲಿಗೆಯ ಮನೆಯ ಹುಡುಗಿ, ನಮ್ಮನ್ನು ಹೊಲಸು ಎಂದುಕೊಂಡಿದ್ದಾಳೆ ಎಂದು ಊರವರು ಆಡಿಕೊಳ್ಳುತ್ತಾರೆ. "ನಾನು ಅವಳನ್ನು ಬಿಡಬೇಕೆಂದು ಬಂದಿಲ್ಲ ಮ್ಯಾಡಮ್" ಎಂದು ಕೊನೆಗೆ ಹೇಳಿದ. "ಆದರೆ ಅವಳು ಬಾಗಿಲು ಹಾಕಿಕೊಂಡ ದಿನ ಅವ್ವ ಊಟ ಮಾಡುವುದಿಲ್ಲ. ಇವಳು ಅತ್ತರೆ ನಾನು ಯಾರ ಕಡೆ ಹೋಗಲಿ?"

ತಾಯಿ ಸುಂದರಾಬಾಯಿ ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಅರವತ್ತರ ಹತ್ತಿರದ ಹೆಂಗಸು, ಒಂಬತ್ತು ಗಜದ ಸೀರೆ, ತಲೆಯ ಮೇಲೆ ಸೆರಗು. ಒಳಗೆ ಕುರ್ಚಿ ಇದ್ದರೂ ಹೊಸ್ತಿಲ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಹೊರಗೆ ಗದ್ದಲ ಹೆಚ್ಚಾಯಿತೆಂದು ನಮ್ಮ ಕಚೇರಿಯ ಸಿಪಾಯಿ ಬಾಗಿಲೆಳೆದುಕೊಂಡ. ಅವರು ಎದ್ದು ಅದನ್ನು ಮತ್ತೆ ಅಷ್ಟಗಲ ತೆರೆದು ಅದೇ ಜಾಗದಲ್ಲಿ ಕೂತರು. ಚಿಲಕಗಳನ್ನು ಏಕೆ ತೆಗೆಸಿದಿರಿ ಎಂದು ಮರಾಠಿಯಲ್ಲಿ ಕೇಳಿದೆ. "ನಮ್ಮ ಮನೆಯಲ್ಲಿ ಹಾಗೇ" ಎಂದರು. ಮಗನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಮಹಾದೇವಿಯನ್ನು ಬೇರೆಯಾಗಿ ಕರೆಸಿದೆ. ನಾನು ಕನ್ನಡದಲ್ಲಿ ಮಾತು ಶುರು ಮಾಡುತ್ತಲೇ ಆ ಹುಡುಗಿಯ ಕಣ್ಣು ತುಂಬಿದವು. ಒಂದಿಷ್ಟು ನೀರು ಕುಡಿದು ಸುಧಾರಿಸಿಕೊಂಡಳು.

"ಆ ಮನ್ಯಾಗ ನಂದು ಅನ್ನೂ ಒಂದ್ ಬಾಗಲಿಲ್ರೀ" ಎಂದಳು. "ಬಚ್ಚಲದಾಗ ಸೀರಿ ಸುತಗೊಂಡೇ ಜಳಕಾ ಮಾಡ್ತೀನಿ. ಒಳಗ ಸ್ವಲ್ಪ ಹೊತ್ತಾದರ ಅತ್ತಿ ಪರದೆ ಸರಿಸಿ ನೋಡ್ತಾರ. ಖೋಲಿ ಬಾಗಲಾ ಮುಂದ ಮಾಡಿದರ ಬಂದು ತೆರೀತಾರ. ಏನೂ ಅನ್ನೂದಿಲ್ಲ, ಬೈಯ್ಯೂದಿಲ್ಲ. ನೋಡ್ತಾರ, ಹೋಗ್ತಾರ. ನಾ ಏನರ ಕಳವು ಮಾಡ್ತೀನಿ ಅಂತ ತಿಳಕೊಂಡಾರೇನೋ."

"ಹೆಸರು ಕರೆದರ ಓ ಅನ್ನೂದಿಲ್ಲಂತ?"

"ಮಾಧವಿ ಅಂದರ ನನಗ ಲಗೂ ತಿಳಿಯೂದಿಲ್ರೀ. ಬ್ಯಾರೆ ಯಾರನ್ನೋ ಕರದಂಗ ಆಗ್ತದ."

"ತಂದೀ ಮನಿಗೆ ಹೋಗ್ತೀಯೇನು?"

ಅವಳು ತಲೆ ಅಲ್ಲಾಡಿಸಿದಳು. "ಅಲ್ಲಿ ಹೋದರ 'ನಾ ಹೇಳಿದ್ದಿಲ್ಲೇನು' ಅಂತ ದಿನಾ ಕೇಳಬೇಕು. ಅಪ್ಪ ಈ ಒಂದ್ ವರ್ಷ ಅದಕ್ಕೇ ಕಾದು ಕೂತಾನ. ಸಂಜಯ ಛಲೋ ಮನಷ್ಯ ಅದಾರ. ಅವರನ್ನ ಬಿಟ್ಟು ಹೋಗಾಕ ಮನಸಿಲ್ಲ. ಆದರ ಆ ಮನ್ಯಾಗ ಉಸರಾಡಾಕ ಬರವಲ್ಲದು. ಎತ್ತ ಹೋದರೂ ಗ್ವಾಡೀನೇ ಅದ್ರೀ."

ಆ ದಿನ ನನ್ನ ಟಿಪ್ಪಣಿಯಲ್ಲಿ ಹೋಮ್ ವಿಸಿಟ್ ಅಗತ್ಯ ಎಂದು ಬರೆದೆ. ಗೂಢಚರ್ಯೆ ಮಾಡುವ ಅತ್ತೆಯರನ್ನು ನಾನು ಬಹಳ ಕಂಡಿದ್ದೆ. ಅವರು ಬೈಯುತ್ತಾರೆ, ಚುಚ್ಚುತ್ತಾರೆ, ಮಗನ ಕಿವಿ ಊದುತ್ತಾರೆ. ಏನೂ ಅನ್ನದೆ ನೋಡಿ ಹೋಗುವ ಅತ್ತೆ ನನಗೆ ಹೊಸಬರು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಆ ಊರಿಗೆ ಹೋದೆ. ಒಂದೇ ಅಳತೆಯ ಸಾಲು ಮನೆಗಳು, ಅಗಲವಾದ ನೇರ ರಸ್ತೆಗಳು, ನೆರಳಿಲ್ಲದ ಅಂಗಳಗಳು. ಹೆಚ್ಚಿನ ಮನೆಗಳ ಮುಂದೆ ತಗಡಿನ ಶೆಡ್ಡು. ಸರಕಾರ ಕಟ್ಟಿಸಿದ ಗಟ್ಟಿ ಮನೆಯಲ್ಲಿ ಕಾಳು-ಕಡಿ ಇಟ್ಟು, ತಾವು ತಗಡಿನ ಕೆಳಗೆ ಮಲಗುವವರು ಆ ಸೀಮೆಯಲ್ಲಿ ಆಗಲೂ ಇದ್ದರು. ಸುಂದರಾಬಾಯಿಯವರ ಹಾಸಿಗೆ ಕೂಡ ಶೆಡ್ಡಿನಲ್ಲಿತ್ತು, ಗೋಡೆಯಿಂದ ದೂರ.

ಸಂಜಯ ಮನೆ ತೋರಿಸಿದ. ಮುಂದೊಂದು ಖೋಲಿ, ನಡುವೆ ಅಡುಗೆಮನೆ, ಹಿಂದೆ ಕಾಳಿನ ಖೋಲಿ. ಪ್ರತಿ ಬಾಗಿಲಿನಲ್ಲೂ ಮೊಳೆ ಕಿತ್ತ ತೂತುಗಳು ಸಾಲಾಗಿದ್ದವು. ಅವನ್ನು ಮೇಣ ಹಾಕಿ ಮುಚ್ಚಿದ್ದರು. ಕಾಳಿನ ಖೋಲಿಯ ಬಾಗಿಲಿನ ಒಳಮೈಗೆ ಮಾತ್ರ ಹೊಳೆಯುವ ಹೊಸ ಚಿಲಕವಿತ್ತು. ಸಂಜಯ ಆಗಲೇ ಅಂಗಳಕ್ಕೆ ಇಳಿದಿದ್ದ. ನಾನು ನೋಡಿದ್ದನ್ನು ಮಹಾದೇವಿ ಕಂಡಳು.

"ನಾನೇ ನಿಲಂಗಾ ಬಜಾರದಾಗ ತಂದೀನ್ರೀ" ಎಂದು ಮೆಲ್ಲಗೆ ಹೇಳಿದಳು. "ಕಲ್ಲಿಲೆ ಮೊಳೆ ಬಡದೀನಿ. ಇನ್ನಾ ಯಾರೂ ನೋಡಿಲ್ಲ."

ಚಿಲಕ ವಾರೆಯಾಗಿ ಕೂತಿತ್ತು. ಅಷ್ಟು ಕದ್ದು ಮುಚ್ಚಿ, ಕಲ್ಲಿನಿಂದ ಬಡಿದು ಒಂದು ಚಿಲಕ ಹಾಕಿಕೊಳ್ಳಬೇಕಾದರೆ ಈ ಹುಡುಗಿ ಎಷ್ಟು ಸೋತಿರಬೇಕು ಎನಿಸಿತು.

ನಾವು ಅಂಗಳಕ್ಕೆ ಬಂದು ಕೂತಿದ್ದೆವಷ್ಟೇ, ಒಂದು ಜೀಪು ಬಂದು ನಿಂತಿತು. ಶಿವಲಿಂಗಪ್ಪ ಇಳಿದರು, ಜೊತೆಗೆ ಅವರ ಇಬ್ಬರು ಸಂಬಂಧಿಕರು. ನಾನು ಬರುವ ವಿಷಯ ಅವರಿಗೆ ಹೇಗೆ ತಿಳಿಯಿತೋ ಕೊನೆಗೂ ಗೊತ್ತಾಗಲಿಲ್ಲ. ನನ್ನತ್ತ ಒಮ್ಮೆ ಕೈಮುಗಿದು ನೇರ ಮಗಳ ಹತ್ತಿರ ಹೋದರು.

"ನಡಿಯವ್ವಾ. ಸೀರಿ-ಅರಬಿ ತಗೋಬ್ಯಾಡ, ಏನೂ ತಗೋಬ್ಯಾಡ. ಈ ಅಕ್ಕಾರ ಎದುರಿಗೇ ನಡಿ."

ಸಂಜಯ ಎದ್ದು ನಿಂತು, ಅವಳು ಎಲ್ಲಿಗೂ ಬರುವುದಿಲ್ಲ ಎಂದ. ಆ ಸಂಬಂಧಿಕರಲ್ಲೊಬ್ಬರು ಅವನ ಎದೆಗೆ ಕೈ ಇಟ್ಟು ಹಿಂದೆ ನೂಕಿದರು. ಪಕ್ಕದ ಮನೆಯವರು ಓಡಿ ಬಂದರು. ಮರಾಠಿಯಲ್ಲೊಂದು ಬೈಗುಳ, ಕನ್ನಡದಲ್ಲೊಂದು ಬೈಗುಳ. ಅಂಗಳ ಕ್ಷಣದಲ್ಲಿ ಎರಡು ಪಾಲಾಯಿತು. ನಾನು ನಡುವೆ ನಿಂತು ಎರಡೂ ಭಾಷೆಯಲ್ಲಿ ಕೂಗಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

"ಮಾಧವಿ, ನೀನೇ ಹೇಳು" ಎಂದು ಸಂಜಯ ಒಂದು ಕಡೆಯಿಂದ. "ಮಹಾದೇವಿ, ಬಾ ಅಂದೆ" ಎಂದು ತಂದೆ ಇನ್ನೊಂದು ಕಡೆಯಿಂದ. ಅವಳು ಇಬ್ಬರನ್ನೂ ನೋಡಿದಳು. ಆಮೇಲೆ ತಿರುಗಿ ಮನೆಯೊಳಕ್ಕೆ ಓಡಿದಳು. ಕಾಳಿನ ಖೋಲಿಯ ಬಾಗಿಲು ಮುಚ್ಚಿದ್ದು, ಚಿಲಕ ಸರಿದದ್ದು ಅಂಗಳಕ್ಕೂ ಕೇಳಿಸಿತು.

ಶೆಡ್ಡಿನ ಕಂಬ ಹಿಡಿದು ನಿಂತಿದ್ದ ಸುಂದರಾಬಾಯಿಯವರ ಮುಖ ಆ ಸಪ್ಪಳಕ್ಕೆ ಬಿಳಿಚಿತು. ಆ ವಯಸ್ಸಿನವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ. ಒಳಗೆ ಹೋಗಿ ಎರಡೂ ಅಂಗೈಯಿಂದ ಬಾಗಿಲು ಬಡಿಯತೊಡಗಿದರು. ಭುಜದಿಂದ ದೂಡಿದರು. "ಉಷಾ, ಉಷಾ" ಎಂದು ಕೂಗಿದರು. ಆ ಮನೆಯಲ್ಲಿ ಉಷಾ ಎಂಬವರು ಯಾರೂ ಇರಲಿಲ್ಲ. ಸಂಜಯ ತಾಯಿಯನ್ನು ಹಿಡಿದು ಈಚೆಗೆ ಎಳೆಯಲು ನೋಡಿದ, ಆಗಲಿಲ್ಲ.

"ತೆರೀತೀನ್ರೀ, ತೆರೀತೀನಿ" ಎಂದು ಒಳಗಿನಿಂದ ಮಹಾದೇವಿಯ ಧ್ವನಿ ಬಂತು. ಚಿಲಕ ಕಿರುಗುಟ್ಟಿತು. ಮತ್ತೆ ಕಿರುಗುಟ್ಟಿತು. ಆಮೇಲೆ ಅವಳ ಧ್ವನಿ ಬದಲಾಯಿತು. "ಬರವಲ್ಲದ್ರೀ. ಸೊಟ್ಟಾಗ್ಯದ. ಇದು ಬರವಲ್ಲದು."

ಮೊದಲೇ ವಾರೆಯಾಗಿದ್ದ ಚಿಲಕ, ಹೊರಗಿನ ನೂಕಿಗೆ ಬಾಗಿ ಕೊಂಡಿಯಲ್ಲಿ ಕಚ್ಚಿಕೊಂಡಿತ್ತು. ಆ ಖೋಲಿಗೆ ಕಿಟಕಿಯಿಲ್ಲ. ಮೇಲೊಂದು ಕೈ ತೂರುವಷ್ಟು ಗವಾಕ್ಷಿ. ಏಪ್ರಿಲ್ ಬಿಸಿಲಿಗೆ ಕಾದ ಗೋಡೆ, ಒಳಗೆ ಜೋಳದ ಚೀಲಗಳು, ಆ ವಾರವಷ್ಟೇ ಹುಳಕ್ಕೆಂದು ಇಟ್ಟಿದ್ದ ಔಷಧಿಯ ವಾಸನೆ. ಅವಳು ಕೆಮ್ಮುವುದು ಕೇಳಿಸಿತು. ನಂತರ ಉಸಿರಿಗಾಗಿ ಏದುವುದು. ಹುಡುಗಿ ಭಯಬಿದ್ದಿದ್ದಳು. ಸಂಜಯ ಹಾರೆ ತರಲು ಓಡಿದ. ಶಿವಲಿಂಗಪ್ಪ ಬಾಗಿಲ ಮುಂದೆ ಬಂದು ಮಗಳ ಹೆಸರು ಹಿಡಿದು ಕೂಗುತ್ತಿದ್ದರು. ಅವರ ಕೂಗಿಗೆ ಅವಳು ಇನ್ನಷ್ಟು ಹೆದರುತ್ತಿದ್ದಳು.

ಆಗ ಸುಂದರಾಬಾಯಿ ಬಡಿಯುವುದನ್ನು ನಿಲ್ಲಿಸಿದರು. ಅವರಿಗೆ ಏನು ನೆನಪಾಯಿತೋ, ಏನು ಅರ್ಥವಾಯಿತೋ, ನೆಲದ ಮೇಲೆ ಕೂತು ಬಾಗಿಲಿನ ಕೆಳಗಿನ ಸಂದಿಗೆ ಬಾಯಿ ತಂದು ಮಾತಾಡಿದರು. ಕನ್ನಡದಲ್ಲಿ ಮಾತಾಡಿದರು.

"ಮಹಾದೇವಿ, ಹೆದರಬ್ಯಾಡ ಯವ್ವಾ. ನಾ ಇಲ್ಲೇ ಅದೀನಿ. ನೆಲದ ಮ್ಯಾಲ ಕೂಡು. ಬಾಗಲಾ ಸಂದಿಗಿ ಮಾರಿ ಹಚ್ಚು, ಗಾಳಿ ಬರ್ತದ. ಕೂಗಬ್ಯಾಡ. ಕೂಗಿದರ ಉಸರ ಹೋಗ್ತದ. ನನಗ ಗೊತ್ತದ."

ಉಮರ್ಗಾದ ಆಚೆ ಆಳಂದ ಕಡೆಯ ಹಳ್ಳಿಗಳಲ್ಲಿ ಆಡುವಂಥ ಕನ್ನಡ. ನಾನು ಕೇಳಿದ ಯಾವ ಕನ್ನಡಕ್ಕೂ ಕಮ್ಮಿ ಇರಲಿಲ್ಲ. ಶಿವಲಿಂಗಪ್ಪನವರ ಕೂಗು ನಿಂತುಹೋಯಿತು.

"ಅತ್ತೀ, ನಿಮಗ ಕನ್ನಡ ಬರ್ತದ?" ಎಂದಳು ಹುಡುಗಿ, ಬಾಗಿಲ ಬುಡದಿಂದ.

"ಬರ್ತದ. ಉಮರ್ಗಾ ಕಡೀ ಹಳ್ಳ್ಯಾಗ ಹುಟ್ಟಿದಾಕಿ ನಾ. ಸಣ್ಣಾಕಿದ್ದಾಗಿಂದ ಬರ್ತದ, ಈ ಮನಿಗಿ ಬಂದ ಮ್ಯಾಲ ಆಡಿದ್ದಿಲ್ಲ. ನೀ ಮಾತಾಡಬ್ಯಾಡ, ನಾ ಮಾತಾಡ್ತೀನಿ. ಕೇಳ್ಕೋತ ಕೂಡು."

ಸಂಜಯ ಹಾರೆ ತಂದು ಕೀಲುಗಳನ್ನು ಮೀಟತೊಡಗಿದ. ಹೊಸ ಕಾಲದ ಗಟ್ಟಿ ಬಾಗಿಲು, ಸುಲಭಕ್ಕೆ ಜಗ್ಗಲಿಲ್ಲ. ಆ ಸಪ್ಪಳದ ನಡುವೆ ಸುಂದರಾಬಾಯಿ ಹೇಳಿದ್ದನ್ನು ನಾವೆಲ್ಲ ನಿಂತು ಕೇಳಿದೆವು. ಅವರು ನಮಗೆ ಹೇಳುತ್ತಿರಲಿಲ್ಲ. ಒಳಗಿರುವವಳ ಧ್ಯಾನ ಭಯದ ಕಡೆ ಹೋಗದಿರಲಿ ಎಂದು ಹೇಳುತ್ತಿದ್ದರು.

ಉಷಾ ಅವರ ಮಗಳು, ಸಂಜಯನ ಅಕ್ಕ. ಮದುವೆಯಾದ ಮೊದಲ ವರ್ಷ, ಹಬ್ಬಕ್ಕೆ ತವರಿಗೆ ಬಂದಿದ್ದಳು. ಗಣಪತಿ ಕಳಿಸಿದ ರಾತ್ರಿ ಗಂಡಸರು ಯಾವಾಗಲೋ ಕುಡಿದು ಮನೆಗೆ ಬರುತ್ತಾರೆ, ಹರೆಯದ ಹುಡುಗಿ ಒಳಗಿನ ಖೋಲಿಯಲ್ಲಿ ಒಬ್ಬಳೇ ಮಲಗುತ್ತಾಳೆ ಎಂದು ತಾಯಿ ಎಚ್ಚರಿಕೆ ಹೇಳಿದರು.

"ಅಗಳಿ ಹಾಕ್ಕೋ ಅಂದಾಕಿ ನಾನೇ" ಎಂದರು ಸುಂದರಾಬಾಯಿ. "ಆಕಿ ಒಲ್ಲೆ ಅಂದ್ಲು, ಶಕಿ ಆಗ್ತದವ್ವಾ ಅಂದ್ಲು. ನಾ ಬೈದು ಹಾಕಿಸಿದೆ. ನಸೀಕಲೇ ಭೂಮಿ ನಡಗಿತು. ಬಾಗಲಾ ಈಕಡಿ ನಾ, ಆಕಡಿ ಆಕಿ. ಮ್ಯಾಲ ಮಾಳಗಿ ಕೂತಿತ್ತು. ಆಕೀ ಬಾಗಲಾ ಜಗ್ಗೂದು ನನಗ ಕೇಳತಿತ್ತು. ಅಗಳಿ ಬರವಲ್ಲದವ್ವಾ ಅಂತಿದ್ಲು. ನಾ ಒದರು, ಒದರು ಅಂತಿದ್ದೆ, ಯಾರರ ಕೇಳಲಿ ಅಂತ. ಒದರಿ ಒದರಿ ಉಸರ ಹೋಯ್ತು. ಅದಕ್ಕ ನೀ ಒದರಬ್ಯಾಡ."

ಅಗಳಿ ಎಂದರೆ ಹಳೆಯ ಬಾಗಿಲುಗಳಿಗೆ ಅಡ್ಡ ಹಾಕುವ ಮರದ ಪಟ್ಟಿ. ಕಲ್ಲು-ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಹೊರೆಗಟ್ಟಲೆ ಮಣ್ಣು ಹೊದಿಸಿದ ಮಾಳಿಗೆ, ಆ ಊರಿನ ಹಳೆಯ ಮನೆಗಳೆಲ್ಲ ಹಾಗೇ. ಗೋಡೆ ಕುಸಿದು ಚೌಕಟ್ಟು ವಾರೆಯಾದ ಮೇಲೆ ಆ ಅಗಳಿ ಹೊರಗೆ ಬರುವಂತಿರಲಿಲ್ಲ. ಊರವರು ಕೈಯಿಂದ ಮಣ್ಣು ತೋಡಿ ತಾಯಿಯನ್ನು ಎತ್ತುವ ಹೊತ್ತಿಗೆ ಬಾಗಿಲ ಆಚೆಯ ಧ್ವನಿ ನಿಂತು ಬಹಳ ಹೊತ್ತಾಗಿತ್ತು. ಸಂಜಯ ಆಗ ಬೇರೆ ಊರಿನಲ್ಲಿ ಹಾಸ್ಟೆಲಿನಲ್ಲಿದ್ದ ಹುಡುಗ. ಅಕ್ಕ ಗೋಡೆ ಬಿದ್ದು ಸತ್ತಳು ಎಂದಷ್ಟೇ ಅವನಿಗೆ ಗೊತ್ತು. ಹಾರೆ ಹಿಡಿದ ಅವನ ಕೈ ಒಮ್ಮೆ ನಿಂತಿತು. ತಾಯಿ ಅವನತ್ತ ನೋಡಲಿಲ್ಲ. ಅವನು ಮತ್ತೆ ಮೀಟಿದ.

ಕೆಳಗಿನ ಕೀಲು ಕಿತ್ತಿತು. ಶಿವಲಿಂಗಪ್ಪನವರ ಸಂಬಂಧಿಕರು ಈಗ ಬಾಗಿಲಿಗೆ ಭುಜ ಕೊಟ್ಟು ಆನಿಸಿ ಹಿಡಿದಿದ್ದರು. ಮೇಲಿನ ಕೀಲೂ ಬಂದಾಗ ಬಾಗಿಲನ್ನು ಎತ್ತಿ ಪಕ್ಕಕ್ಕಿಟ್ಟರು. ಮಹಾದೇವಿ ಬೆವರಿನಲ್ಲಿ ತೊಯ್ದು, ಮುಖಕ್ಕೆಲ್ಲ ಧೂಳು ಮೆತ್ತಿಕೊಂಡು ಹೊಸ್ತಿಲ ಒಳಗೆ ಕೂತಿದ್ದಳು. ಅತ್ತೆ ಅವಳ ಕೆನ್ನೆ, ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದರು. ಇಬ್ಬರೂ ಅಳಲಿಲ್ಲ. ಹುಡುಗಿಗೆ ಅಳುವ ತ್ರಾಣವೂ ಇರಲಿಲ್ಲ.

ಅಂಗಳದ ನೆರಳಿನಲ್ಲಿ ಅವಳಿಗೆ ನೀರು ಕುಡಿಸಿ ಮಲಗಿಸಿದ ಮೇಲೆ ಶಿವಲಿಂಗಪ್ಪ ಸುಂದರಾಬಾಯಿಯವರ ಎದುರು ಬಂದು ನಿಂತರು.

"ಬಾಯಾರ, ನಿಮಗ ಕನ್ನಡ ಬರ್ತದ ಅಂತ ನಮಗ ಗೊತ್ತಿದ್ದಿಲ್ಲ" ಎಂದರು.

"ನೀವು ನಿಶ್ಚಯಕ್ಕ ಬಂದ ದಿನಾನೂ ಬರ್ತಿತ್ರೀ" ಎಂದರು ಆಕೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀವು ನಿಮ್ಮ ಮನಿಯವರಿಗಿ ಅಂದ್ರಿ, ಈ ಮಂದೀ ಭಾಂಡ್ಯಾದಾಗ ಏನೇನು ಬೇಸ್ಯಾರೋ, ಚಾ ತುಟಿಗಿ ಹಚ್ಚಿದಂಗ ಮಾಡಿ ಇಟ್ಟುಬಿಡು ಅಂತ. ನಾ ಅಲ್ಲೇ ಚಾದ ಕಪ್ಪು-ಬಶಿ ಹಿಡಕೊಂಡು ನಿಂತಿದ್ದೆ."

ಶಿವಲಿಂಗಪ್ಪನವರ ಮುಖ ಕೆಂಪಾಯಿತು. "ಅವತ್ತೇ ಅನ್ನಬೇಕಿತ್ತು" ಎಂದರು.

"ಅಂದಿದ್ದರ ಲಗ್ನ ಮುರೀತಿತ್ತು. ಹುಡುಗಗ ಆಕಿ ಬೇಕಾಗಿದ್ಲು." ಆಕೆ ಮುಂದುವರಿಸಿದರು. "ಆಮ್ಯಾಲ ಈಕಿ ಬಾಗಲಾ ಹಾಕ್ಕೊಳ್ಳಾಕ ಹತ್ತಿದಾಗ ತಿಳಕೊಂಡೆ, ಈಕಿನೂ ಅಪ್ಪನಂಗ, ನಮ್ಮ ಮಾರಿ ನೋಡಾಕ ಒಲ್ಲಳು ಅಂತ. ಒಳಗ ಹೋದಳಂದರ ನನಗ ಜೀವ ನಿಲ್ಲೂದಿಲ್ಲ, ಹೊರಗ ಬಂದಳಂದರ ಸಿಟ್ಟು ಬರ್ತದ. ಹಿಂಗೇ ಒಂದ್ ವರ್ಷ."

ಶಿವಲಿಂಗಪ್ಪ ಕ್ಷಮೆ ಕೇಳಲಿಲ್ಲ. ಮಗಳ ಹತ್ತಿರ ಕೂತು, ಅವಳ ಕಾಲಿನ ಮೇಲಿನ ಧೂಳನ್ನು ತಮ್ಮ ಶಲ್ಯದಿಂದ ಒರೆಸಿದರು. ನಡೀ ಎಂದು ಮತ್ತೆ ಹೇಳಲಿಲ್ಲ. ಜೀಪು ಖಾಲಿಯೇ ತಿರುಗಿತು.

ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು ಎಂದು ಹೇಳಿದರೆ ಅದು ಸುಳ್ಳು. ಮುಂದಿನ ಭೇಟಿಗಳಲ್ಲಿ ನಾವು ಕಷ್ಟಪಟ್ಟೆವು. ಅತ್ತೆಯ ದುಃಖ ಕೇಳಿದ ಮೇಲೆ ಊರವರೂ ಸಂಜಯನೂ ಹುಡುಗಿಯ ಕಡೆಯೇ ನೋಡತೊಡಗಿದರು. ಪಾಪ ಮುದುಕಿ, ನೀನೇ ಹೊಂದಿಕೋ ಎಂಬಂತೆ. ಸ್ವತಃ ಮಹಾದೇವಿಯೇ ನನ್ನ ಹತ್ತಿರ, "ಇನ್ನ ಬಾಗಲಾ ಕೇಳಾಕ ನನಗ ಬಾಯಿಲ್ಲದಂಗ ಆಗ್ಯದ್ರೀ" ಎಂದಳು. ಮೊದಲು ಸಂಶಯ ಅವಳನ್ನು ಕಟ್ಟಿಹಾಕಿತ್ತು. ಈಗ ಕರುಣೆ ಕಟ್ಟಿಹಾಕುವುದರಲ್ಲಿತ್ತು.

ಆದ್ದರಿಂದ ನಾನು ಸಂಜಯನನ್ನು ಬೇರೆ ಕೂಡಿಸಿ ಸ್ಪಷ್ಟವಾಗಿ ಹೇಳಿದೆ. ತಾಯಿಯ ಭಯ ನಿಜ. ಅದಕ್ಕೆ ಔಷಧಿ ಬೇಕು. ಹೆಂಡತಿಯ ನಾಚಿಕೆಯೂ ನಿಜ. ಅದಕ್ಕೆ ಬಾಗಿಲು ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಲಿ ಕೊಡುವುದು ಈ ಮನೆಯಲ್ಲಿ ಆಗಕೂಡದು. ಅವನು ಯೋಚಿಸಿ, ಶಾಲೆ ಇರುವ ಶಿರೂರ ಅನಂತಪಾಳದಲ್ಲೇ ಮನೆ ಹಿಡಿದ. ಅಲ್ಲಿ ಎಲ್ಲ ಬಾಗಿಲಿಗೂ ಚಿಲಕವಿತ್ತು. ಶನಿವಾರ ಇಬ್ಬರೂ ಊರಿಗೆ ಬರುವುದು, ಊರಿನ ಬಚ್ಚಲಿಗೂ ಬಾಗಿಲು ಕೂರಿಸುವುದು, ಮಹಾದೇವಿ ಒಳಗಿದ್ದಾಗ ಅತ್ತೆ ಹೊರಗೆ ಕೂತು ಮಾತಾಡಬಹುದು, ತೆರೆಯಬಾರದು, ಹೀಗೆ ಒಂದೊಂದನ್ನೇ ಮಾತಾಡಿ ಒಪ್ಪಿಸಿದೆ. ಲಾತೂರಿನ ಮನೋವೈದ್ಯರ ಹತ್ತಿರ ಸುಂದರಾಬಾಯಿಯನ್ನು ಕಳಿಸಿದೆ. ಒಮ್ಮೆ ಹೋದರು, ನನಗೆ ಹುಚ್ಚು ಹಿಡಿದಿಲ್ಲ ಎಂದು ಮತ್ತೆ ಹೋಗಲಿಲ್ಲ. ಸೊಸೆ ಒತ್ತಾಯಿಸಿದ ಮೇಲೆ ಇನ್ನೆರಡು ಸಲ ಹೋದರು. ರಾತ್ರಿ ಶೆಡ್ಡಿನಲ್ಲಿ ಮಲಗುವುದನ್ನು ಬಿಡಲಿಲ್ಲ. ಶಿವಲಿಂಗಪ್ಪ ಮಳೆಗಾಲದ ಹೊತ್ತಿಗೆ ವಕೀಲರಿಗೆ ಬೇಡ ಎಂದು ಹೇಳಿದರಂತೆ. ನನಗೆ ಮಾತ್ರ ಅವರು ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಸಿಕ್ಕಾಗ ಸೀರೆಯ ಮಾತಷ್ಟೇ ಆಡುತ್ತಿದ್ದರು.

ಕೆಲವು ವರ್ಷಗಳ ನಂತರ ನಿಲಂಗಾದ ಬಸ್‌ ಸ್ಟ್ಯಾಂಡಿನಲ್ಲಿ ಮಹಾದೇವಿ ಸಿಕ್ಕಳು. ಕಂಕುಳಲ್ಲಿ ಮಗಳು. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

"ಹಂಗೇ ಅದಾರ್ರೀ" ಎಂದು ನಕ್ಕಳು. "ಮದಲ ಇಬ್ಬರೂ ಸುಮ್ಮ ಇರ್ತಿದ್ದಿವಿ. ಈಗ ಜಗಳಾ ಆಡ್ತೀವಿ. ಅವರು ಕನ್ನಡದಾಗ ಬೈತಾರ, ನಾ ಮರಾಠ್ಯಾಗ ಬೈತೀನಿ. ಈ ಹುಡುಗಿ ಎರಡೂ ಕಲ್ತಾಳ."

ಆ ಪ್ರಕರಣದ ನಂತರ ನನ್ನ ಕೆಲಸದ ರೀತಿಯಲ್ಲಿ ಒಂದು ಬದಲಾವಣೆಯಾಯಿತು. ನನ್ನೆದುರು ಕೂತವರು "ಆ ಮಂದಿ ಹೀಗೇ", "ಈ ಜನ ಹಾಗೇ" ಎಂದು ಶುರು ಮಾಡಿದರೆ ನಾನು ಅವರನ್ನು ತಡೆಯುತ್ತಿರಲಿಲ್ಲ, ಒಪ್ಪುತ್ತಲೂ ಇರಲಿಲ್ಲ. ಆ ಮಂದಿಯಲ್ಲಿ ಯಾರು, ಯಾವತ್ತು, ಏನು ಮಾಡಿದರು ಎಂದು ಕೇಳುತ್ತಿದ್ದೆ. ಉತ್ತರ ಹೇಳುತ್ತಾ ಹೇಳುತ್ತಾ ಜಾತಿ, ಭಾಷೆ ಹಿಂದೆ ಸರಿದು ಒಬ್ಬ ಮನುಷ್ಯ ಉಳಿಯುತ್ತಿದ್ದ. ಕೆಲವು ಸಲ ಆ ಮನುಷ್ಯ ಕ್ರೂರಿಯೇ ಆಗಿರುತ್ತಿದ್ದ, ಹುಡುಗಿಯನ್ನು ಅಲ್ಲಿಂದ ಬಿಡಿಸಿ ತರಬೇಕಾಗುತ್ತಿತ್ತು. ಕೆಲವು ಸಲ ಅವನಿಗೆ ಏನೋ ಆಗಿರುತ್ತಿತ್ತು, ಅದನ್ನು ಯಾರೂ ಕೇಳಿರುತ್ತಿರಲಿಲ್ಲ. ಇವೆರಡರಲ್ಲಿ ಯಾವುದು ಎಂದು ಕಚೇರಿಯ ಕುರ್ಚಿಯಲ್ಲಿ ಕೂತು ಹೇಳಲು ನನಗೆ ಕೊನೆಯ ದಿನದವರೆಗೂ ಬರಲಿಲ್ಲ. ಪ್ರತಿ ಸಲವೂ ಎದ್ದು ಅವರ ಮನೆಗೆ ಹೋಗಿಯೇ ತಿಳಿಯಬೇಕಾಯಿತು.